ದೊಡ್ಡಣ್ಣನ ಪೆಟ್ಟಿಗೆಯನ್ನು ನಾವು ತೊಳೆದದ್ದು

ಆ ಪೆಟ್ಟಿಗೆ ಮುಂಬಯಿಯ ಅಂಧೇರಿಯಲ್ಲಿರುವ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಅದರ ಮೈಮೇಲೆ ಮೂರು ದೇಶಗಳ ಕಸ್ಟಮ್ಸ್ ಚೀಟಿಗಳಿದ್ದವು. ನೋಡಲು ಏನೂ ವಿಶೇಷವಿಲ್ಲ. ನೀಲಿ ಬಣ್ಣದ, ಎರಡು ಹಿಡಿಗಳಿರುವ, ಇಬ್ಬರು ಎತ್ತಬೇಕಾದ ಪ್ಲಾಸ್ಟಿಕ್ ಪೆಟ್ಟಿಗೆ. ಇಂಥ ಪೆಟ್ಟಿಗೆಗಳಲ್ಲಿ ಐಸ್ ಪ್ಯಾಕ್‌ಗಳ ನಡುವೆ ಲಸಿಕೆಯ ಸೀಸೆಗಳನ್ನಿಟ್ಟು ಕರೆಂಟಿಲ್ಲದ ಊರುಗಳಿಗೆ ಒಯ್ಯುತ್ತಾರೆ. ಬಿಸಿಲಿನಲ್ಲಿ ಎಷ್ಟು ಗಂಟೆ ಒಳಗಿನ ತಂಪು ಉಳಿಯುತ್ತದೆ ಎಂದು ಅಳೆದು ಹೇಳುವುದು ನಮ್ಮ ಕೆಲಸ. ನಾವು ಬರೆದ ಗಂಟೆಯನ್ನು ನಂಬಿ ಎಲ್ಲೋ ಒಬ್ಬ ನರ್ಸ್ ದೋಣಿ ಹತ್ತುತ್ತಾಳೆ. ಹಾಗಾಗಿ ಆ ಗಂಟೆ ಸುಳ್ಳಾಗಬಾರದು.

ನಮ್ಮದು ಇಂಡಸ್ಟ್ರಿಯಲ್ ಎಸ್ಟೇಟ್ ಒಂದರ ನೆಲಮಹಡಿಯಲ್ಲಿರುವ ಸಣ್ಣ ಜಾಗ. ಒಂದು ಕಡೆ ಸಿನಿಮಾ ಕ್ಯಾಮೆರಾ ಬಾಡಿಗೆಗೆ ಕೊಡುವವರು, ಇನ್ನೊಂದು ಕಡೆ ರಟ್ಟಿನ ಡಬ್ಬ ಮಾಡುವವರು. ನಡುವೆ ನಾವು, ನಮ್ಮ ಬಿಸಿ ಕೋಣೆ. ಅದನ್ನು ಚೇಂಬರ್ ಎನ್ನುತ್ತೇವೆ. ಒಳಗೆ ಸದಾ ನಲವತ್ತಮೂರು ಡಿಗ್ರಿ. ಪರೀಕ್ಷೆಯ ವರದಿ ಬರೆದು ಸಹಿ ಹಾಕುವವಳು ನಾನು. ಮೈಸೂರಿನವಳು, ಮುಲುಂಡ್‌ನಿಂದ ಲೋಕಲ್ ರೈಲು ಹಿಡಿದು ಘಾಟ್ಕೋಪರ್‌ನಲ್ಲಿ ಮೆಟ್ರೋಗೆ ಹಾರಿ ಬರುವವಳು, ಸಿಟ್ಟು ಸ್ವಲ್ಪ ಜಾಸ್ತಿ. ಚೇಂಬರ್ ನೋಡಿಕೊಳ್ಳುವವರು ಬಾಗಲಕೋಟೆ ಕಡೆಯ ಒಬ್ಬ ತಂತ್ರಜ್ಞರು. ಕಟ್ಟಡದ ಕೆಲಸಕ್ಕೆ ಮುಂಬಯಿಗೆ ಬಂದವರು, ಇಲ್ಲಿಯ ವೈರಿಂಗ್ ಮಾಡಲು ಬಂದು ಇಲ್ಲೇ ಉಳಿದರು. ಮಾಲೀಕರು ಉಡುಪಿ ಕಡೆಯವರು. ಹೀಗೆ ಕರ್ನಾಟಕದ ಮೂರು ಮೂಲೆಯವರು ಸೇರಿ ಮರಾಠಿ ಕ್ಯಾಂಟೀನಿನ ಚಹಾ ಕುಡಿಯುತ್ತ ಮೂರು ಥರದ ಕನ್ನಡದಲ್ಲಿ ಜಗಳವಾಡುತ್ತಿದ್ದೆವು.

ಜಿನೀವಾದಲ್ಲಿ ಜಗತ್ತಿನ ಆರೋಗ್ಯ ನೋಡಿಕೊಳ್ಳುವ ಸಂಸ್ಥೆಯೊಂದಿದೆ. ಅದರ ಪಟ್ಟಿಯಲ್ಲಿರುವ ಪ್ರಯೋಗಾಲಯದ ಮಾತಿಗಷ್ಟೇ ಬೆಲೆ. ಪಟ್ಟಿಯಲ್ಲಿ ಉಳಿಯಬೇಕಾದರೆ ಕೆಲವು ವರ್ಷಗಳಿಗೊಮ್ಮೆ ನಮಗೇ ಪರೀಕ್ಷೆ. ಒಂದೇ ಪೆಟ್ಟಿಗೆ ನಾಲ್ಕು ಪ್ರಯೋಗಾಲಯಗಳನ್ನು ಸುತ್ತುತ್ತದೆ, ನಾಲ್ವರೂ ಅಳೆಯುತ್ತಾರೆ. ಸುತ್ತು ಶುರುವಾಗುವುದೂ ಮುಗಿಯುವುದೂ ಅಮೆರಿಕದ ಮುಖ್ಯ ಪ್ರಯೋಗಾಲಯದಲ್ಲಿ. ನಮ್ಮ ಪತ್ರಿಕೆಗಳು ಅಮೆರಿಕವನ್ನು ದೊಡ್ಡಣ್ಣ ಎಂದು ಕರೆಯುವುದು ರೂಢಿ. ನಾವೂ ಹಾಗೇ ಕರೆಯುತ್ತಿದ್ದೆವು. ಪೆಟ್ಟಿಗೆ ದೊಡ್ಡಣ್ಣನದು, ಪರೀಕ್ಷಾ ವಿಧಾನ ಬರೆದದ್ದು ದೊಡ್ಡಣ್ಣ, ಸರಿಯುತ್ತರವೂ ದೊಡ್ಡಣ್ಣನದೇ. ಪೆಟ್ಟಿಗೆಯ ಜೊತೆಗೆ ಬಂದ ಹಾಳೆಯಲ್ಲಿ ಅವರ ಅಂಕೆ ಅಚ್ಚಾಗಿತ್ತು: ಐವತ್ತೆರಡು ಗಂಟೆ. ಉಳಿದವರು ಅದರಿಂದ ಮೂರು ಗಂಟೆಗಿಂತ ದೂರ ಹೋದರೆ ತಪ್ಪು ಉಳಿದವರದು ಎಂಬುದು ನಿಯಮ. ಅವರೇ ತಪ್ಪಿದರೆ ಏನು ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಇಷ್ಟು ವರ್ಷ ನನಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಆ ವೇಳೆಗೆ ದೊಡ್ಡಣ್ಣ ಸಂಸ್ಥೆಯಿಂದ ಹೊರಗೆ ಹೋಗುತ್ತೇನೆಂದು ಘೋಷಿಸಿಯಾಗಿತ್ತು. ಆದರೆ ಪೆಟ್ಟಿಗೆ ಅದಕ್ಕೂ ಮೊದಲೇ ಮನೆ ಬಿಟ್ಟಿತ್ತು. ಯುರೋಪಿನಲ್ಲಿ ಕೆಲವು ತಿಂಗಳು, ಆಫ್ರಿಕಾದ ಒಂದು ಬಂದರು ನಗರದಲ್ಲಿ ಕೆಲವು ತಿಂಗಳು ಕಳೆದು ನಮ್ಮಲ್ಲಿಗೆ ಬರುವಾಗ ಗಣಪತಿ ಹಬ್ಬ ಮುಗಿದಿತ್ತು.

ಮೊದಲ ಪರೀಕ್ಷೆ ಚಾಚೂ ತಪ್ಪದೆ ನಡೆಯಿತು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ಮೇಜಿನ ಮೇಲೆ ಹರಡಿ ಕಾಯಬೇಕು. ಪ್ರತಿಯೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ನೀರು ತುಳುಕುವ ಸದ್ದು ಕೇಳಬೇಕು. ಆಗಷ್ಟೇ ಅದನ್ನು ಪೆಟ್ಟಿಗೆಗೆ ಹಾಕಬಹುದು, ಇಲ್ಲದಿದ್ದರೆ ಲಸಿಕೆ ಹೆಪ್ಪುಗಟ್ಟುತ್ತದೆ. ಈ ಸದ್ದು ಹಿಡಿಯುವುದರಲ್ಲಿ ನಮ್ಮ ತಂತ್ರಜ್ಞರ ಕಿವಿಯನ್ನು ಮೀರಿಸುವವರಿಲ್ಲ. ಒಳಗೆ ತಾಪಮಾನ ಅಳೆಯುವ ತಂತಿಗಳನ್ನಿಟ್ಟು, ಮುಚ್ಚಳ ಹಾಕಿ, ಚೇಂಬರಿನಲ್ಲಿ ಬಿಟ್ಟೆವು. ಒಳಗಿನ ಅತ್ಯಂತ ಬೆಚ್ಚಗಿನ ಜಾಗ ಹತ್ತು ಡಿಗ್ರಿ ಮುಟ್ಟುವವರೆಗೆ ಲೆಕ್ಕ. ನಲವತ್ತಾರು ಗಂಟೆಗೆ ಮುಟ್ಟಿಬಿಟ್ಟಿತು.

ಐವತ್ತೆರಡು ಎಲ್ಲಿ, ನಲವತ್ತಾರು ಎಲ್ಲಿ. ತಂತಿಗಳನ್ನು ಒಂದೊಂದಾಗಿ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ ನೋಡಿದೆ, ಎಲ್ಲವೂ ಸೊನ್ನೆ ತೋರಿಸಿದವು. ಐಸ್ ಪ್ಯಾಕ್‌ಗಳನ್ನು ತೂಗಿದೆ. ಚೇಂಬರಿನ ನಾಲ್ಕು ಮೂಲೆಯ ಬಿಸಿ ಅಳೆದೆ. ಎಲ್ಲವೂ ಸರಿಯಾಗಿತ್ತು, ಉತ್ತರವೊಂದು ಬಿಟ್ಟು. ಪಟ್ಟಿಯಿಂದ ಹೊರಗೆ ಬಿದ್ದರೆ ಚೇಂಬರ್ ಮುಚ್ಚಬೇಕು. ತಂತ್ರಜ್ಞರಿಗೆ ಕೆಲಸವಿರುವುದಿಲ್ಲ, ನನ್ನ ಸಹಿಗೆ ಅರ್ಥವಿರುವುದಿಲ್ಲ. ದಸರಾ ಹಬ್ಬದ ರಜೆ ಮುಗಿಸಿ ಬಂದು ಎರಡನೇ ಸಲ ಅಳೆಯೋಣ ಎಂದುಕೊಂಡು ಮನೆಗೆ ಹೋದೆ.

ರಜೆ ಮುಗಿಸಿ ಬಂದಾಗ ಬಾಗಿಲಲ್ಲೇ ನಿಂತೆ. ಆಯುಧಪೂಜೆಗೆ ಇಡೀ ಜಾಗವನ್ನು ತೊಳೆದು ಸಿಂಗರಿಸಿದ್ದರು. ಸ್ಪ್ಯಾನರ್‌ಗಳಿಗೆ ಕುಂಕುಮ, ಫ್ರೀಜರಿಗೆ ವಿಭೂತಿ, ಚೇಂಬರಿನ ಹಿಡಿಗೆ ಚೆಂಡುಹೂವಿನ ಮಾಲೆ. ಮೇಜಿನ ಮೇಲೆ ದೊಡ್ಡಣ್ಣನ ಪೆಟ್ಟಿಗೆ. ಕಸ್ಟಮ್ಸ್ ಚೀಟಿಗಳೆಲ್ಲ ಮಾಯವಾಗಿ, ಹೊಸದರಂತೆ ಹೊಳೆಯುತ್ತಿತ್ತು. ಅದರ ಹಣೆಗೂ ಕುಂಕುಮ.

“ಇದನ್ನ ಯಾರು ತೊಳೆದರು?” ಎಂದೆ.

“ನಾನ ತೊಳದೇನ್ರೀ ಮೇಡಂ,” ಎಂದರು ತಂತ್ರಜ್ಞರು, ಬಹಳ ಸಂತೋಷದಿಂದ. “ಎಲ್ಲಾ ಸಾಮಾನಾ ತೊಳದ ಪೂಜಾ ಮಾಡೇವಿ. ಇದೊಂದ ಹೊಲಸ ಇಡೂದು ಹ್ಯಾಂಗ್ರಿ? ಅಷ್ಟ ದೂರದಿಂದ ಬಂದದ. ಸೋಪಿನ ನೀರ ಹಾಕಿ, ಬಕೆಟ್ಟಲೇ ಸುರದ ಸುರದ ತೊಳದೇನಿ.”

ನಾಲ್ಕು ದೇಶಗಳು ಒಂದೇ ಸ್ಥಿತಿಯಲ್ಲಿ ಅಳೆಯಬೇಕಾದ ಪೆಟ್ಟಿಗೆ ಅದು. ಯಾರೂ ಅದಕ್ಕೆ ಕೈ ಹಚ್ಚುವ ಹಾಗಿಲ್ಲ. ನಾನು ಏನೇನು ಅಂದೆನೋ ಈಗ ಬರೆಯಲು ನಾಚಿಕೆಯಾಗುತ್ತದೆ. ಅವರು ತಲೆ ತಗ್ಗಿಸಿ ಕೇಳಿದರು, ಆಮೇಲೆ ಒಂದು ಒಣಬಟ್ಟೆ ತಂದು ಪೆಟ್ಟಿಗೆಯ ಕುಂಕುಮ ಒರೆಸಿದರು. ಅವರು ಹಾಗೆ ಒರೆಸುವುದನ್ನು ನೋಡಿ ನನಗೆ ನನ್ನ ಮೇಲೇ ಕೋಪ ಬಂತು. ವಿಧಾನದ ಹಾಳೆಯನ್ನು ಓದಿದವಳು ನಾನು. “ತೊಳೆಯಬೇಡಿ” ಎಂದು ಹೇಳಿ ಹೋಗಬೇಕಾದವಳೂ ನಾನೇ.

ಒಂದು ದಿನ ಹಾಗೇ ಒಣಗಲು ಬಿಟ್ಟು ಎರಡನೇ ಸಲ ಅಳೆದೆವು. ನಲವತ್ತೈದು ಗಂಟೆ. ಇನ್ನೂ ಒಂದು ಕಡಿಮೆ.

ಮಾಲೀಕರು ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. “ನೋಡಿ ಮೇಡಂ, ತೊಳೆದದ್ದು ಯಾರಿಗೂ ಹೇಳುದು ಬೇಡ. ಮತ್ತೆ, ಐಸ್ ಪ್ಯಾಕ್ ಸ್ವಲ್ಪ ಗಟ್ಟಿ ಇರುವಾಗಲೇ ಹಾಕಿದರೆ ಎಂತ ಆಗ್ತದೆ?”

ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನೀರು ತುಳುಕುವವರೆಗೆ ಕಾಯದೆ ಗಟ್ಟಿ ಮಂಜನ್ನೇ ತುಂಬಿದರೆ ನಾಲ್ಕೈದು ಗಂಟೆ ಪುಕ್ಕಟೆಯಾಗಿ ಸಿಗುತ್ತದೆ. ಅಂಕೆ ದೊಡ್ಡಣ್ಣನ ಹತ್ತಿರಕ್ಕೆ ಹೋಗಿ ಕೂರುತ್ತದೆ. ನೋಡಲು ಯಾರೂ ಬರುವುದಿಲ್ಲ.

“ಅದು ಮೋಸ ಸರ್,” ಎಂದೆ.

“ಮೋಸ ಹೌದು ಮಾರಾಯ್ರೆ. ನಾನು ಇಲ್ಲ ಅಂತ ಹೇಳಿದೆನಾ? ಆದರೆ ದೊಡ್ಡವರ ಅಂಕೆ ತಪ್ಪು ಅಂತ ಈ ಅಂಧೇರಿಯಲ್ಲಿ ಕೂತು ಹೇಳುವ ಧೈರ್ಯ ನಿಮಗೆ ಉಂಟಾ?”

ಆಗ ನನಗೆ ಆ ಧೈರ್ಯ ಇರಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಒಂದು ದಿನದ ಅವಕಾಶ ಕೇಳಿ ಹೊರಗೆ ಬಂದೆ. ತಪ್ಪನ್ನು ಹೊರಗಿನವರ ಮೇಲೆ ಹಾಕುವುದು ಸುಲಭ, ನಮ್ಮ ಮೇಲೆ ಹಾಕಿಕೊಳ್ಳುವುದು ಇನ್ನೂ ಸುಲಭ. ನಮ್ಮಂಥ ಸಣ್ಣವರಿಗೆ ಎರಡನೆಯದೇ ಅಭ್ಯಾಸವಾಗಿರುತ್ತದೆ.

ಚೇಂಬರಿನ ಮುಂದೆ ತಂತ್ರಜ್ಞರು ಪೆಟ್ಟಿಗೆಯ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಅಂಚನ್ನು ನೋಡುತ್ತಿದ್ದರು. ನನ್ನ ಬೈಗುಳದ ನಂತರ ಅವರು ನನ್ನೊಡನೆ ಮಾತಾಡಿರಲಿಲ್ಲ. ಈಗ ತಾವಾಗಿಯೇ ಕರೆದರು.

“ಮೇಡಂ, ಇಲ್ಲೊಂದಿಷ್ಟ ನೋಡ್ರಿ. ಹಬ್ಬದ ದಿನ ನಾ ಮುಚ್ಚಳಾ ಹಾಕೇ ಇದನ್ನ ತೊಳದಿದ್ದೆ. ಒಳಗ ಒಣಗೇ ಇರಬೇಕಿತ್ತು. ಈ ಮೂಲ್ಯಾಗ ಸೋಪಿನ ಕಲಿ ಬಿದ್ದದ ನೋಡ್ರಿ.”

ಮುಚ್ಚಳದ ಅಂಚಿಗೆ ಸುತ್ತ ರಬ್ಬರ್ ಪಟ್ಟಿಯೊಂದಿರುತ್ತದೆ. ಒಂದು ಮೂಲೆಯಲ್ಲಿ ಆ ಪಟ್ಟಿಯನ್ನು ದಾಟಿ ಒಳಗೋಡೆಯ ಮೇಲೆ ಬೆರಳಗಲದ ಬಿಳಿ ಗೆರೆ ಇಳಿದಿತ್ತು. ಸೋಪಿನ ನೀರು ಹರಿದು ಒಣಗಿದ ಗುರುತು. ಬರಿಗಣ್ಣಿಗೆ ಪಟ್ಟಿಯಲ್ಲಿ ಯಾವ ಸಂದಿಯೂ ಕಾಣುತ್ತಿರಲಿಲ್ಲ.

“ನೀರ ಒಳಗ ಹೋಗತದ ಅಂದ್ರ,” ಎಂದರು ಅವರು, “ಗಾಳಿ ಹೋಗೂದಿಲ್ಲೇನ್ರಿ?”

ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಗಾಳಿ ಎಲ್ಲರಲ್ಲೂ ಒಳಗೆ ಹೋಗಿರುತ್ತದೆ, ಅಮೆರಿಕದಲ್ಲೂ. ಆದರೆ ಅವರ ಪ್ರಯೋಗಾಲಯವಿರುವುದು ಸಮುದ್ರದಿಂದ ದೂರದ, ಎತ್ತರದ, ಒಣ ಊರಿನಲ್ಲಿ. ನಮ್ಮ ಚೇಂಬರಿಗೆ ಹೋಗುವುದು ಅಂಧೇರಿಯ ಅಕ್ಟೋಬರಿನ ಗಾಳಿ, ಹಿಂಡಿದರೆ ನೀರು ಬರುವಂಥದ್ದು. ಹಸಿ ಗಾಳಿ ಐಸ್ ಪ್ಯಾಕಿಗೆ ತಾಗಿ ಹನಿಯಾಗುವಾಗ ತನ್ನ ಬಿಸಿಯನ್ನೆಲ್ಲ ಅಲ್ಲಿ ಬಿಟ್ಟುಬಿಡುತ್ತದೆ, ಮಂಜು ಬೇಗ ಕರಗುತ್ತದೆ. ವಿಧಾನದ ಹಾಳೆಯನ್ನು ಮತ್ತೆ ತೆಗೆದೆ. ಬಿಸಿ ಎಷ್ಟಿರಬೇಕೆಂದು ಅರ್ಧ ಡಿಗ್ರಿಯವರೆಗೆ ಬರೆದಿದ್ದರು. ಗಾಳಿಯ ತೇವದ ಬಗ್ಗೆ ಒಂದಕ್ಷರವಿರಲಿಲ್ಲ. ಬರೆದವರ ಊರಿನಲ್ಲಿ ಆ ಪ್ರಶ್ನೆಯೇ ಹುಟ್ಟಿರಲಿಕ್ಕಿಲ್ಲ.

ಊಹೆಗೆ ವರದಿಯಲ್ಲಿ ಬೆಲೆಯಿಲ್ಲ, ತೋರಿಸಬೇಕು. ಪಕ್ಕದ ಕ್ಯಾಮೆರಾದವರು ಲೆನ್ಸ್‌ಗಳಿಗೆ ಬೂಷ್ಟು ಹಿಡಿಯದಿರಲೆಂದು ಗಾಳಿಯ ತೇವ ಹೀರುವ ಯಂತ್ರಗಳನ್ನು ಇಟ್ಟುಕೊಂಡಿದ್ದರು. ತಂತ್ರಜ್ಞರು ಹೋಗಿ ಹಿಂದಿಯಲ್ಲಿ ಏನೋ ಕಥೆ ಹೇಳಿ ಎರಡನ್ನು ಒಂದು ವಾರಕ್ಕೆ ತಂದರು. ಪೆಟ್ಟಿಗೆಯನ್ನು ಪೂರ್ತಿ ಒಣಗಿಸಿ, ಚೇಂಬರಿನ ಗಾಳಿಯನ್ನು ಒಣ ಮಾಡಿ ಮೂರನೇ ಸಲ ಅಳೆದೆವು. ಐವತ್ತೊಂದು ಗಂಟೆ. ಯಂತ್ರಗಳನ್ನು ವಾಪಸ್ ಕೊಟ್ಟು, ಎಂದಿನ ಹಸಿ ಗಾಳಿಯಲ್ಲೇ, ಆ ಮೂಲೆಗೆ ಹೊರಗಿನಿಂದ ಟೇಪ್ ಹಚ್ಚಿ ನಾಲ್ಕನೇ ಸಲ ಅಳೆದೆವು. ಮತ್ತೆ ಐವತ್ತೊಂದು. ಟೇಪ್ ಕಿತ್ತು ಐದನೇ ಸಲ. ನಲವತ್ತಾರು.

ಅಂಕೆ ಬಂದ ಕ್ಷಣ ತಂತ್ರಜ್ಞರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. “ನೀವು ತೊಳೆಯದೇ ಇದ್ದಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ,” ಎಂದೆ. ಕ್ಷಮೆ ಕೇಳುವುದು ನನಗೆ ಚೆನ್ನಾಗಿ ಬರುವುದಿಲ್ಲ. ಅವರಿಗೆ ಅರ್ಥವಾಯಿತು.

ವರದಿ ಬರೆದೆ. ಐದೂ ಅಂಕೆಗಳನ್ನು ಕೊಟ್ಟೆ. ಮೂರನೇ ಪುಟದಲ್ಲಿ ಹೀಗೆ ಸೇರಿಸಿದೆ: ಮೊದಲ ಪರೀಕ್ಷೆಯ ನಂತರ, ನಮ್ಮಲ್ಲಿ ಉಪಕರಣಗಳನ್ನು ಪೂಜಿಸುವ ಹಬ್ಬದ ಸಲುವಾಗಿ ಪೆಟ್ಟಿಗೆಯನ್ನು ಸೋಪು ನೀರಿನಿಂದ ತೊಳೆಯಲಾಯಿತು, ಇದು ನಿಯಮಕ್ಕೆ ವಿರುದ್ಧ, ಜವಾಬ್ದಾರಿ ನನ್ನದು. ಮಾಲೀಕರು ಆ ಸಾಲನ್ನು ಎರಡು ಸಲ ಓದಿದರು. “ಇದು ಬೇಕಾ?” ಎಂದರು. ತೊಳೆದದ್ದನ್ನು ಮುಚ್ಚಿಟ್ಟರೆ ಸೋಪಿನ ಗೆರೆಯನ್ನೂ ಮುಚ್ಚಿಡಬೇಕಾಗುತ್ತದೆ ಎಂದೆ. ಅವರು ವರದಿಯನ್ನು ನನ್ನ ಕೈಗೆ ಕೊಟ್ಟು, “ಹಾಗಾದರೆ ಕಳಿಸಿ, ಆದದ್ದು ಆಗಲಿ,” ಎಂದರು.

ಮುಖ್ಯ ಪ್ರಯೋಗಾಲಯದ ಎಂಜಿನಿಯರ್‌ಗೆ ಕಳಿಸಿದೆ. ಹಿಂದೆ ಎಷ್ಟೋ ಸಲ ನನ್ನ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಬರೆದ ಸಜ್ಜನ ಅವರು. ಈ ಸಲ ಮೂರೇ ಸಾಲಿನ ಉತ್ತರ ಬಂತು. ಜಿನೀವಾದ ಸಂಸ್ಥೆಗೆ ಸಂಬಂಧಿಸಿದ ಯಾವ ಪತ್ರವ್ಯವಹಾರವನ್ನೂ ಇನ್ನು ಮುಂದೆ ಮಾಡುವಂತಿಲ್ಲವೆಂದು ತಮಗೆ ಸೂಚನೆಯಿದೆ, ವಿಷಾದವಿದೆ. ಪೆಟ್ಟಿಗೆಯನ್ನು ಏನು ಮಾಡಬೇಕು ಎಂದು ಕೇಳಿದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಜಿನೀವಾಕ್ಕೆ ಫೋನ್ ಮಾಡಿದೆ. ಅಲ್ಲಿಯ ಅಧಿಕಾರಿಣಿಯ ದನಿಯಲ್ಲಿ ದಣಿವಿತ್ತು. ಹಣವಿಲ್ಲದೆ ಅರ್ಧ ಜನ ಹೋಗಿದ್ದಾರೆ, ಈ ಕೆಲಸ ನೋಡಿಕೊಳ್ಳುವವರಿಲ್ಲ, ಮುಖ್ಯ ಪ್ರಯೋಗಾಲಯವೇ ಇಲ್ಲದ ಮೇಲೆ ಈ ಸುತ್ತನ್ನು ರದ್ದು ಮಾಡಬೇಕಾಗಬಹುದು ಎಂದರು. ರದ್ದಾದರೆ ಪಟ್ಟಿಯ ಅವಧಿ ಮುಗಿಯುತ್ತದೆ, ಉಳಿದ ಮೂರೂ ಪ್ರಯೋಗಾಲಯಗಳು ಹೊರಗೆ. ದೊಡ್ಡಣ್ಣ ಮನೆ ಬಿಟ್ಟು ಹೋಗುವಾಗ ಅಳತೆಗೋಲನ್ನೂ ಜೇಬಿಗೆ ಹಾಕಿಕೊಂಡು ಹೋಗಿದ್ದ. ಇಷ್ಟು ವರ್ಷ ಅದೇ ಒಂದು ಅಳತೆಗೋಲು ಸಾಕೆಂದು ಸುಮ್ಮನಿದ್ದದ್ದು ಮಾತ್ರ ನಾವೆಲ್ಲ ಸೇರಿ ಮಾಡಿದ ತಪ್ಪು.

ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಹೇಳಿದೆ. ತಂತ್ರಜ್ಞರು ರೊಟ್ಟಿ ಮುರಿಯುತ್ತ ಕೇಳಿದರು. “ಪೆಟಗಿ ನಮ್ಮ ಕಡೇನ ಅದ ಅಲ್ರೀ?”

“ನಮ್ಮ ಹತ್ರಾನೇ ಇದೆ.”

“ಮತ್ತ ನಾವ ಸುರು ಮಾಡೋಣಲ್ರಿ. ಅವ್ರು ಬಿಟ್ಟ ಹೋದ್ರ ಉಳದವ್ರು ಲಗ್ನಾ ನಿಂದ್ರಸ್ತಾರೇನ್ರಿ?”

ಮಾಲೀಕರು ನಕ್ಕರು. ನಾನು ನಗಲಿಲ್ಲ. ಕೈ ತೊಳೆದು ಬಂದು ಕಂಪ್ಯೂಟರ್ ಮುಂದೆ ಕುಳಿತು ಯುರೋಪಿನವರಿಗೂ ಆಫ್ರಿಕಾದವರಿಗೂ ಜಿನೀವಾಕ್ಕೂ ಒಂದೇ ಪತ್ರ ಬರೆದೆ. ಪೆಟ್ಟಿಗೆ ಮುಂಬಯಿಯಿಂದ ಎರಡನೇ ಸುತ್ತು ಹೊರಡಲಿ. ಯಾರ ಅಂಕೆಯೂ ಮೊದಲೇ ಸರಿಯುತ್ತರ ಅಲ್ಲ, ಮೂವರೂ ಅಳೆದು, ಗಾಳಿಯ ತೇವವನ್ನೂ ಬರೆದು, ಕೂಡಿ ನೋಡೋಣ. ಸಂಚಾಲನೆಯ ಕೆಲಸ ನಾವು ಮಾಡುತ್ತೇವೆ. ಜೊತೆಗೆ ನಮ್ಮ ವರದಿಯನ್ನು, ತೊಳೆದ ಸಾಲನ್ನೂ ತೆಗೆಯದೆ, ಲಗತ್ತಿಸಿದೆ. ಮಾಲೀಕರು ಹಿಂದೆ ನಿಂತು ಓದಿ, “ನಾವು ಮಾಡ್ತೇವೆ ಅಂತ ಬರೆದದ್ದು ಒಳ್ಳೇದಾಯ್ತು,” ಎಂದಷ್ಟೇ ಹೇಳಿದರು.

ಯುರೋಪಿನವರು ಎರಡು ವಾರ ತೆಗೆದುಕೊಂಡರು. ಇಂಥ ಜವಾಬ್ದಾರಿಗೆ ನಿಮಗೆ ಅನುಭವವಿದೆಯೇ ಎಂದು ವಿನಯದಿಂದ ಕೇಳಿದರು. ಇಲ್ಲ ಎಂದು ನಾನೂ ವಿನಯದಿಂದ ಬರೆದೆ. ಆದರೂ ಒಪ್ಪಿದರು. ಆಫ್ರಿಕಾದ ಬಂದರು ನಗರದಿಂದ ಪತ್ರ ಬರಲಿಲ್ಲ, ಫೋನ್ ಬಂತು. ನನ್ನದೇ ವಯಸ್ಸಿನ ಹೆಂಗಸಿನ ದನಿ. ನಿಮ್ಮ ಮೂರನೇ ಪುಟ ಓದಿದೆ ಎಂದರು. ನಮಗೂ ಮೊದಲು ನಲವತ್ತೇಳೇ ಬಂದಿತ್ತು ಎಂದರು. ತಮ್ಮ ಕೈಯದೇ ತಪ್ಪಿರಬೇಕೆಂದು ಹೆದರಿ, ಗಟ್ಟಿ ಮಂಜು ಹಾಕಿ ಮತ್ತೆ ಅಳೆದು, ಐವತ್ತು ಎಂದು ಬರೆದಿದ್ದರು. ಅದನ್ನು ಈಗ ಹಿಂದಕ್ಕೆ ಪಡೆಯುತ್ತೇನೆ, ನನ್ನ ಹೆಸರಿನಲ್ಲೇ ಬರೆದುಕೊಡುತ್ತೇನೆ ಎಂದರು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಅವರೂ ಅವರ ಕಡಲಿನ ಪಕ್ಕ, ನಾನು ನನ್ನ ಕಡಲಿನ ಪಕ್ಕ, ಸರಿಯಾಗಿ ಅಳೆದೂ ತಪ್ಪಿತಸ್ಥರಂತೆ ಕುಳಿತಿದ್ದೆವು.

ಪೆಟ್ಟಿಗೆ ಮತ್ತೆ ಸುತ್ತಿತು. ಹೋಗುವ ಮುನ್ನ ತಂತ್ರಜ್ಞರು ಅದಕ್ಕೆ ಏನೂ ಹಚ್ಚಲಿಲ್ಲ, ನನ್ನ ಕಡೆ ಒಮ್ಮೆ ನೋಡಿದರಷ್ಟೇ. ಯುರೋಪಿನಲ್ಲಿ ಚಳಿಗಾಲದ ಒಣ ಗಾಳಿಗೆ ಐವತ್ತೊಂದೂವರೆ. ಬೇಕೆಂದೇ ಗಾಳಿಗೆ ತೇವ ಸೇರಿಸಿ ಅಳೆದಾಗ ಅವರಿಗೂ ನಲವತ್ತಾರು. ಆ ಅಂಕೆ ಬಂದ ದಿನ ಮಾಲೀಕರು ಇಡೀ ಎಸ್ಟೇಟಿಗೆ ಪೇಡೆ ಹಂಚಿದರು. ಕ್ಯಾಮೆರಾದವರು ಯಾವ ಖುಷಿಗೆ ಎಂದು ಕೇಳಿದಾಗ, “ನಮ್ಮ ಗಾಳಿ ಹಸಿ ಉಂಟು ಅಂತ ಯುರೋಪಿನವರು ಒಪ್ಪಿದರು,” ಎಂದರಂತೆ.

ಜಿನೀವಾದ ಅಧಿಕಾರಿಣಿ ಒಬ್ಬರೇ ಕುಳಿತು ಹೊಸ ವಿಧಾನದ ಹಾಳೆ ಸಿದ್ಧಪಡಿಸಿದರು. ನಮ್ಮ ಮೂವರಿಂದಲೂ ಸಾಲು ಸಾಲಾಗಿ ಒಪ್ಪಿಗೆ ಪಡೆದರು. ಚೇಂಬರಿನ ಗಾಳಿಯ ತೇವ ಎಷ್ಟಿರಬೇಕೆಂಬ ಸಾಲು ಈಗ ಅದರಲ್ಲಿದೆ. ಅದಕ್ಕಿಂತ ಮೊದಲು, ನಾಲ್ಕನೇ ಅಂಶವಾಗಿ, ಇನ್ನೊಂದು ಸಾಲಿದೆ. ಪರೀಕ್ಷೆಗೆ ಮುನ್ನ ಮುಚ್ಚಳ ಹಾಕಿ, ಸುತ್ತಲೂ ಸೋಪು ನೀರು ಸುರಿದು, ಒಣಗಿದ ಮೇಲೆ ಒಳಗೆ ಗೆರೆ ಇಳಿದಿದೆಯೇ ಎಂದು ನೋಡಬೇಕು. ಬಾಗಲಕೋಟೆಯ ಒಬ್ಬರು ಹಬ್ಬಕ್ಕೆ ಮಾಡಿದ ಕೆಲಸ ಅದು. ಹಾಳೆಯಲ್ಲಿ ಅವರ ಹೆಸರಿಲ್ಲ, ಇಂಥ ಹಾಳೆಗಳಲ್ಲಿ ಯಾರ ಹೆಸರೂ ಇರುವುದಿಲ್ಲ. ನಾನು ಆ ಸಾಲನ್ನು ಕನ್ನಡದಲ್ಲಿ ಬರೆದು ಚೇಂಬರಿನ ಬಾಗಿಲಿಗೆ ಅಂಟಿಸಿದ್ದೇನೆ.

ಈ ಮಳೆಗಾಲದಲ್ಲಿ ನಮ್ಮಲ್ಲಿಗೆ ಒಂದು ಹೊಸ ಪೆಟ್ಟಿಗೆ ಬಂತು. ಅಮೆರಿಕದ ಒಂದು ಕಂಪನಿಯದು. ಸರ್ಕಾರ ಸಂಸ್ಥೆಯನ್ನು ಬಿಟ್ಟರೂ ಕಂಪನಿಗಳಿಗೆ ಬೇರೆ ದೇಶಗಳಲ್ಲಿ ಪೆಟ್ಟಿಗೆ ಮಾರಬೇಕಲ್ಲ. ಆ ದೇಶಗಳು ಕೇಳುವುದು ಜಿನೀವಾದ ಪಟ್ಟಿಯನ್ನು, ಅವರ ಮುಖ್ಯ ಪ್ರಯೋಗಾಲಯ ಈಗ ಆ ಪಟ್ಟಿಯಲ್ಲಿಲ್ಲ. ಪೆಟ್ಟಿಗೆಯ ಜೊತೆಗೆ ಕಂಪನಿಯ ಪರವಾಗಿ ಪರೀಕ್ಷೆ ನೋಡಲು ಒಬ್ಬರು ಬಂದರು. ನೆನೆದ ಷೂ ಬಿಚ್ಚಿ ಬಾಗಿಲ ಬಳಿ ಇಟ್ಟು, ತಮ್ಮ ಹೆಸರು ಹೇಳಿದರು. ಮೂರು ಸಾಲಿನ ಉತ್ತರ ಬರೆದಿದ್ದ ಅದೇ ಎಂಜಿನಿಯರ್. ಆ ಕೆಲಸ ಬಿಟ್ಟು ಕಂಪನಿ ಸೇರಿದ್ದರು. ಅಂದು ಉತ್ತರ ಕೊಡಲಾಗದ್ದಕ್ಕೆ ಕ್ಷಮಿಸಿ ಎಂದರು. ನಾನು ಚಹಾ ತರಿಸಿದೆ.

ಚಹಾ ಮುಗಿಸಿ ಅವರು ಚೇಂಬರಿನ ಬಾಗಿಲಿನ ಕನ್ನಡ ಚೀಟಿಯ ಮುಂದೆ ನಿಂತು ಇದೇನು ಎಂದು ಕೇಳಿದರು. ನಾಲ್ಕನೇ ಅಂಶ ಎಂದೆ. ಇದನ್ನು ಕಂಡುಹಿಡಿದವರು ಯಾರು ಎಂದರು. ತೋರಿಸಿದೆ. ಅವರು ತಂತ್ರಜ್ಞರ ಕೈ ಕುಲುಕಿ, ಈ ಸಲ ತಾವೇ ಮಾಡಬಹುದೇ ಎಂದು ಕೇಳಿ, ಅಂಗಿಯ ತೋಳು ಮಡಚಿದರು. ಬಕೆಟ್ಟಿನಿಂದ ಮಗ್ಗಿನಲ್ಲಿ ಸೋಪು ನೀರು ತುಂಬಿಕೊಂಡು, ಬಗ್ಗಿ, ತಮ್ಮ ದೇಶದ ಪೆಟ್ಟಿಗೆಯ ಮುಚ್ಚಳದ ಸುತ್ತ ನಿಧಾನವಾಗಿ ಸುರಿಯತೊಡಗಿದರು. ತಂತ್ರಜ್ಞರು ಕೈ ಕಟ್ಟಿ ನಿಂತು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಮೇಡಂ, ಸಾಹೇಬ್ರಿಗೆ ಹೇಳ್ರಿ. ಆ ಮೂಲಿ ಬಿಟ್ಟಾರ. ಅಲ್ಲೂ ಒಂದ ಮಗ್ಗ ಹಾಕಬೇಕು.”

ಹೇಳಿದೆ. ಅವರು ಹಾಕಿದರು.